ವಿಧವೆಯ ಪಾಲಿನ ಅರಮನೆ

ಜರ್ಮನಿಯ ವೈಮಾರ್ ಪಟ್ಟಣಕ್ಕೆ ಸಾಹಿತ್ಯ ಚರಿತ್ರೆಯಲ್ಲಿ ದಕ್ಕಿರುವ ಹೆಸರು ಅದರ ಗಾತ್ರಕ್ಕೆ ಹೋಲಿಸಿದರೆ ನಂಬಲಾಗದಷ್ಟು ದೊಡ್ಡದು. 1770ರ ದಶಕದಲ್ಲಿ ಅಲ್ಲಿದ್ದವರು ಸುಮಾರು 6,000 ಮಂದಿ. ಅಂಥ ಊರಿಗೆ ವೀಲಾಂಡ್, ಗಯಟೆ, ಹೆರ್ಡರ್ ಒಬ್ಬರ ಹಿಂದೊಬ್ಬರು ಬಂದು ನೆಲೆಸಿದ್ದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಡಚೆಸ್ ಆನ್ನಾ ಅಮಾಲಿಯಾಳ ರಸಿಕತೆ. 1739ರಲ್ಲಿ ವೋಲ್ಫೆನ್‌ಬ್ಯುಟೆಲ್‌ನಲ್ಲಿ ಹುಟ್ಟಿದ ಆಕೆಗೆ ಹದಿನಾರಕ್ಕೆ ಮದುವೆಯಾಯಿತು. ಹದಿನೇಳಕ್ಕೆ ತಾಯಿಯಾದಳು, ಹದಿನೆಂಟಕ್ಕೆ ವಿಧವೆಯಾದಳು. ಎಳೆಯ ಮಗನ ಪರವಾಗಿ 1759ರಿಂದ 1775ರವರೆಗೆ ರಾಜ್ಯ ನಡೆಸಿದಳು, 1772ರಲ್ಲಿ ಮಗನಿಗೆ ಪಾಠ ಹೇಳಲು ವೀಲಾಂಡನನ್ನು ಕರೆಸಿದಳು, ಸಂಗೀತ ರಚಿಸಿದಳು, ಚಿತ್ರ ಬರೆದಳು. ಇದೆಲ್ಲ ನಿಜವೇ. ಆದರೆ ಗುಣವಂತೆಯರಾದ ರಾಜಪುತ್ರಿಯರು ಯುರೋಪಿನ ಎಲ್ಲ ದೇಶಗಳಲ್ಲೂ ಹುಟ್ಟುತ್ತಿದ್ದರು. ಅವರಲ್ಲಿ ಹಲವರ ಗುಣ ಗಂಡನ ಅರಮನೆಯ ಗೋಡೆಗಳೊಳಗೇ ಕರಗಿಹೋಯಿತು. ಜರ್ಮನ್ ಸಂಸ್ಥಾನಗಳ ಅರಸುಕುಲದ ಹೆಂಗಸರಲ್ಲಿ ಇಷ್ಟೊಂದು ಜನ ಕಟ್ಟಿದ್ದು, ಬರೆದದ್ದು, ಸಾಲ ಮಾಡಿದ್ದು, ಧರ್ಮ ಬದಲಿಸಿದ್ದು, ಕವಿಗಳನ್ನು ಸಾಕಿದ್ದು ಯಾಕೆ ಎಂಬ ಪ್ರಶ್ನೆಗೆ ಸ್ವಭಾವದ ವರ್ಣನೆಯಿಂದ ಉತ್ತರ ಸಿಗುವುದಿಲ್ಲ. ಉತ್ತರವನ್ನು ಅವರ ಮದುವೆಯ ಕರಾರುಪತ್ರಗಳಲ್ಲಿ ಹುಡುಕಬೇಕು ಎಂಬುದು ನನ್ನ ವಾದ. ಗಂಡ ಸತ್ತ ಮೇಲೆ ಅವಳು ಯಾವ ಮನೆಯಲ್ಲಿ ಇರತಕ್ಕದ್ದು, ಆ ಮನೆಗೆ ಯಾವ ಸೀಮೆಯ ಹುಟ್ಟುವಳಿ ಸಲ್ಲತಕ್ಕದ್ದು ಎಂದು ಮದುವೆಯ ಹೊತ್ತಿಗೇ ಬರೆದಿಟ್ಟ ಒಣ ಕಾಗದಗಳವು. ಅಂಥ ಮನೆಯನ್ನೂ ಹುಟ್ಟುವಳಿಯನ್ನೂ ಸೇರಿಸಿ ಜರ್ಮನರು ವಿಟ್ಟುಮ್ ಎನ್ನುತ್ತಿದ್ದರು. ಈ ಹೆಂಗಸರಿಗೆ ಎಷ್ಟು ಸ್ವಾತಂತ್ರ್ಯವಿತ್ತೋ ಅಷ್ಟೂ ಮನೆ ಮತ್ತು ಕಂದಾಯಗಳ ರೂಪದಲ್ಲಿ ಇತ್ತು. ಅವು ಇಲ್ಲದ ಕಡೆ ಪ್ರತಿಭೆಯೂ ಹೆಚ್ಚು ಕಾಲ ನಿಲ್ಲಲಿಲ್ಲ.

ವೈಮಾರಿನ ಉದಾಹರಣೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅಲ್ಲಿ ಇಂದಿಗೂ ವಿಟ್ಟುಮ್ ಅರಮನೆ ಎಂದೇ ಕರೆಸಿಕೊಳ್ಳುವ ಕಟ್ಟಡ ಮೂಲದಲ್ಲಿ ಅರಮನೆಯೇ ಅಲ್ಲ. ಮಂತ್ರಿ ಫ್ರಿಚ್ ತನ್ನ ವಾಸಕ್ಕೆಂದು 1767ರಿಂದ 1769ರ ನಡುವೆ ಕಟ್ಟಿಸಿಕೊಂಡ ಮನೆ ಅದು. 1774ರ ಮೇ ತಿಂಗಳಲ್ಲಿ ನಿಜವಾದ ಅರಮನೆ ಬೆಂಕಿಗೆ ಆಹುತಿಯಾದಾಗ ಡಚೆಸ್‌ಗೆ ಸೂರು ಬೇಕಾಯಿತು. ಮಂತ್ರಿಯ ಮನೆ ಆಕೆಯ ಪಾಲಿಗೆ ಬಂತು. ಮರುವರ್ಷ ಮಗ ಕಾರ್ಲ್ ಆಗಸ್ಟ್ ಪಟ್ಟವೇರಿದ, ತಾಯಿಯ ಅಧಿಕಾರ ಮುಗಿಯಿತು. ಆಕೆಗಿನ್ನೂ ಮೂವತ್ತೈದು. ಅಲ್ಲಿಂದ 1807ರಲ್ಲಿ ಸಾಯುವವರೆಗೆ, ಅಂದರೆ ಆಳಿದ ಕಾಲದ ಎರಡರಷ್ಟು ಕಾಲ, ಆಕೆ ಬದುಕಿದ್ದು ಈ ಮನೆಯಲ್ಲಿ ಮತ್ತು ಊರಾಚೆಯ ಬೇಸಿಗೆ ಮನೆಗಳಲ್ಲಿ. ಜನ ನೆನಪಿಟ್ಟುಕೊಂಡಿರುವ ವೈಮಾರ್ ಈ ಎರಡನೆಯ ಕಾಲದ್ದು. ಗೇಯೋರ್ಗ್ ಮೆಲ್ಖಿಯೋರ್ ಕ್ರೌಸ್ ಸುಮಾರು 1795ರಲ್ಲಿ ಬರೆದ ಜಲವರ್ಣ ಚಿತ್ರವೊಂದಿದೆ: ಸಂಜೆ ಹೊತ್ತು ಮೇಜಿನ ಸುತ್ತ ಡಚೆಸ್, ಗಯಟೆ, ಹೆರ್ಡರ್, ಆಕೆಯ ಸಖಿಯರು, ಇಂಗ್ಲೆಂಡಿನ ಅತಿಥಿಗಳು, ಒಬ್ಬರ ಕೈಯಲ್ಲಿ ಪುಸ್ತಕ, ಇನ್ನೊಬ್ಬರ ಕೈಯಲ್ಲಿ ಕಸೂತಿ, ಮತ್ತೊಬ್ಬರ ಕೈಯಲ್ಲಿ ಕುಂಚ. ಸಿಂಹಾಸನವಿಲ್ಲ, ಸಾಲಾಗಿ ನಿಂತ ದರಬಾರಿಗಳಿಲ್ಲ. ಆಳುವ ದೊರೆಯ ಸಭೆಯಲ್ಲಿ ಯಾರ ಪಕ್ಕ ಯಾರು ಕೂರಬೇಕೆಂಬ ನಿಯಮವೇ ಅರ್ಧ ಸಂಜೆಯನ್ನು ನುಂಗುತ್ತಿತ್ತು. ಅಧಿಕಾರವಿಲ್ಲದ ವಿಧವೆಯ ಮನೆಯಲ್ಲಿ ಆ ನಿಯಮಗಳನ್ನು ಸಡಿಲಿಸಿದರೆ ಕೇಳುವವರಿರಲಿಲ್ಲ. ಆ ಮೇಜಿನ ಬಳಿ ಕೂತಿರುವ ಸಖಿ ಲೂಯಿಸ ಫಾನ್ ಗ್ಯೋಖ್‌ಹೌಸೆನ್ ಕೈಬರಹದಲ್ಲಿ ನಕಲು ಮಾಡಿಟ್ಟುಕೊಂಡಿದ್ದರಿಂದಲೇ ಗಯಟೆಯ ‘ಫೌಸ್ಟ್’ನ ಮೊದಲ ರೂಪ ನಮಗೆ ಉಳಿದಿದೆ. 1887ರಲ್ಲಿ ಆ ನಕಲು ಪತ್ತೆಯಾಗುವವರೆಗೆ ಅಂಥದ್ದೊಂದು ರೂಪ ಉಳಿದುಕೊಂಡಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಜರ್ಮನ್ ಸಾಹಿತ್ಯದ ಮುಖ್ಯ ಕೃತಿಯೊಂದರ ಬೇರು ಒಬ್ಬ ವಿಧವೆಯ ಮನೆಯ ಸಂಬಳದ ಸಖಿಯ ಕಾಗದಗಳ ನಡುವೆ ಸಿಕ್ಕಿತು ಎನ್ನುವುದನ್ನು ಆಕಸ್ಮಿಕ ಎನ್ನಬಹುದು. ಆದರೆ ಆ ಸಂಬಳ ಎಲ್ಲಿಂದ ಬರುತ್ತಿತ್ತು ಎನ್ನುವುದು ಆಕಸ್ಮಿಕವಲ್ಲ.

ಅದು ಬರುತ್ತಿದ್ದ ದಾರಿ ಹೀಗಿತ್ತು. ಮಗಳನ್ನು ಕೊಡುವ ಮನೆತನ ವರದಕ್ಷಿಣೆ ಕೊಡುತ್ತಿತ್ತು. ತಂದುಕೊಳ್ಳುವ ಮನೆತನ ಅದಕ್ಕೆ ಸರಿದೂಗುವ ಮೊತ್ತವನ್ನು ತನ್ನ ಕಡೆಯಿಂದ ಗೊತ್ತುಮಾಡುತ್ತಿತ್ತು. ಮದುವೆಯ ಮರುದಿನ ಬೆಳಿಗ್ಗೆ ಗಂಡ ಹೆಂಡತಿಗೆ ಕೊಡುವ ಉಡುಗೊರೆ ಬೇರೆ. ಮಗಳು ತವರಿನ ರಾಜ್ಯದ ಮೇಲಿನ ಹಕ್ಕನ್ನೆಲ್ಲ ಬಿಟ್ಟುಕೊಟ್ಟೆನೆಂದು ಪತ್ರ ಬರೆದುಕೊಡಬೇಕಾಗಿತ್ತು. ಈ ಬಿಟ್ಟುಕೊಡುವಿಕೆಗೆ ಬದಲಾಗಿ ಅವಳಿಗೆ ಸಿಗುತ್ತಿದ್ದದ್ದು ವೈಧವ್ಯದ ಭರವಸೆ: ವರದಕ್ಷಿಣೆಯನ್ನೂ ಅದರ ಪ್ರತಿಮೊತ್ತವನ್ನೂ ಸೇರಿಸಿ, ಅದಕ್ಕೆ ತಕ್ಕ ವರ್ಷದ ಆದಾಯವನ್ನು ಲೆಕ್ಕಹಾಕಿ, ಆ ಆದಾಯ ಹುಟ್ಟುವ ಸೀಮೆಯನ್ನೇ ಅವಳ ಹೆಸರಿಗೆ ಆಧಾರವಾಗಿ ಬರೆಯುತ್ತಿದ್ದರು. ಸೀಮೆ ಎಂದರೆ ಒಂದು ಕೋಟೆ ಅಥವಾ ಅರಮನೆ, ಅದರ ಸುತ್ತಲ ಹಳ್ಳಿಗಳು, ಗಿರಣಿ, ಮೀನುಕೆರೆ, ಕಾಡು, ಗೇಣಿ, ಸುಂಕ. ಎಷ್ಟು ಕಟ್ಟಿಗೆ, ಎಷ್ಟು ಧಾನ್ಯ, ಎಷ್ಟು ದ್ರಾಕ್ಷಾರಸ, ಎಷ್ಟು ಜಿಂಕೆ, ಮನೆಯಲ್ಲಿ ಎಂಥ ಹಾಸಿಗೆ, ಎಂಥ ಪಾತ್ರೆಪಗಡ ಎಂಬುದೂ ಪತ್ರದಲ್ಲಿ ನಮೂದಾಗುತ್ತಿತ್ತು. ಅದಕ್ಕಿಂತ ಮಹತ್ವದ್ದು ಮುಂದಿನದು: ಆ ಸೀಮೆಯ ಪ್ರಜೆಗಳು ಗಂಡ ಬದುಕಿರುವಾಗಲೇ, ಅವನು ಸತ್ತರೆ ಈಕೆಯೇ ತಮ್ಮ ಒಡತಿ ಎಂದು ಪ್ರಮಾಣ ಮಾಡಬೇಕಿತ್ತು. ಮದುಮಗಳಾಗಿ ಬಂದ ಹುಡುಗಿಗೆ ತನ್ನ ವೈಧವ್ಯದ ಪ್ರಜೆಗಳು ಯಾರು ಎಂದು ಮೊದಲ ವರ್ಷಗಳಲ್ಲೇ ಗೊತ್ತಿರುತ್ತಿತ್ತು. ನಮಗೆ ಇದು ಅಪಶಕುನದಂತೆ ಕಾಣಬಹುದು. ಅವಳ ತಂದೆಗೆ ಇದು ಸಾಲಪತ್ರದಷ್ಟೇ ಸಹಜವಾದ ವ್ಯವಹಾರ.

ಗಂಡಸರು ಇದಕ್ಕೆ ಒಪ್ಪಿದ್ದು ಯಾಕೆ? ಔದಾರ್ಯದಿಂದ ಅಲ್ಲವೇ ಅಲ್ಲ. ಪವಿತ್ರ ರೋಮನ್ ಸಾಮ್ರಾಜ್ಯದ ಒಳಗೆ ದೊಡ್ಡದು ಚಿಕ್ಕದು ಸೇರಿ ಮುನ್ನೂರಕ್ಕೂ ಹೆಚ್ಚು ಸಂಸ್ಥಾನಗಳಿದ್ದವು. ಪ್ರತಿಯೊಂದು ಮನೆತನವೂ ಒಂದು ಪೀಳಿಗೆಯಲ್ಲಿ ಹೆಣ್ಣು ಕೊಡುತ್ತಿತ್ತು, ಅದೇ ಪೀಳಿಗೆಯಲ್ಲಿ ಹೆಣ್ಣು ತರುತ್ತಿತ್ತು. ತಾನು ತಂದ ಸೊಸೆಗೆ ಮೋಸ ಮಾಡಿದವನಿಗೆ ತಾನು ಕೊಟ್ಟ ಮಗಳ ಗತಿಯ ಚಿಂತೆ ಇದ್ದೇ ಇರುತ್ತಿತ್ತು. ಕರಾರು ಮುರಿದರೆ ದೂರು ಕೊಡಲು ಮೇಲೊಂದು ನ್ಯಾಯಸ್ಥಾನವೂ ಇತ್ತು: 1495ರಲ್ಲಿ ಸ್ಥಾಪನೆಯಾದ ಸಾಮ್ರಾಜ್ಯದ ಉಚ್ಚ ನ್ಯಾಯಾಲಯ, ಅದರ ಜೊತೆಗೆ ವಿಯೆನ್ನಾದಲ್ಲಿ ಚಕ್ರವರ್ತಿಯ ನ್ಯಾಯಸಭೆ. ವಿಧವೆಯರು ಮಲಮಕ್ಕಳ ಮೇಲೆ, ಮೈದುನರ ಮೇಲೆ ಅಲ್ಲಿ ದಾವೆ ಹೂಡುತ್ತಿದ್ದರು. ಫ್ರಾನ್ಸಿನಂಥ ದೇಶದಲ್ಲಿ ರಾಜನೊಬ್ಬನೇ ಆದ್ದರಿಂದ ರಾಣಿಯ ವಿಧವಾಗೃಹಗಳೂ ಬೆರಳೆಣಿಕೆಯವು. ಇಲ್ಲಿ ಆಳುವ ಮನೆತನಗಳು ಎಷ್ಟೋ ಅಷ್ಟು ವಿಧವಾಗೃಹಗಳು. ಜರ್ಮನಿಯ ಒಡಕನ್ನು ಹತ್ತೊಂಬತ್ತನೆಯ ಶತಮಾನದ ರಾಷ್ಟ್ರವಾದಿಗಳು ರೋಗವೆಂದು ಬೈದರು. ಆ ರೋಗದಿಂದ ಲಾಭ ಪಡೆದವರಲ್ಲಿ ಈ ಹೆಂಗಸರೂ ಇದ್ದರು ಎಂದು ಅವರಲ್ಲಿ ಹೆಚ್ಚಿನವರಿಗೆ ಹೊಳೆಯಲಿಲ್ಲ.

ಕಾಗದದ ಬಲ ಎಷ್ಟಿತ್ತು ಎನ್ನುವುದಕ್ಕೆ ಬ್ರಾಂಡೆನ್‌ಬುರ್ಗ್‌ನ ಎಲಿಜಬೆತ್ ಒಳ್ಳೆಯ ಸಾಕ್ಷಿ. 1510ರಲ್ಲಿ ಹುಟ್ಟಿದ ಆಕೆಯನ್ನು ಹದಿನೈದು ತುಂಬುವ ಮೊದಲೇ, ತನಗಿಂತ ನಾಲ್ಕು ದಶಕ ಹಿರಿಯನಾದ ಕಾಲೆನ್‌ಬೆರ್ಗ್‌ನ ಡ್ಯೂಕ್ ಎರಿಖ್‌ನಿಗೆ ಕೊಟ್ಟು ಮದುವೆ ಮಾಡಿದರು. 1528ರಲ್ಲಿ ಗಂಡುಮಗು ಹುಟ್ಟಿದ ವರ್ಷ, ಹದಿನೆಂಟರ ಈ ಹುಡುಗಿ ಗಂಡನೊಡನೆ ಜಗಳವಾಡಿ ತನ್ನ ವೈಧವ್ಯದ ಪಾಲನ್ನೇ ಬದಲಾಯಿಸಿಕೊಂಡಳು. ಮೊದಲು ಗೊತ್ತಾಗಿದ್ದ ಕಾಲೆನ್‌ಬೆರ್ಗ್ ಬದಲು ಹೆಚ್ಚು ಹುಟ್ಟುವಳಿಯ ಮ್ಯುಂಡೆನ್ ಸೀಮೆ ಅವಳ ಹೆಸರಿಗಾಯಿತು. ಉತ್ತರಾಧಿಕಾರಿಯನ್ನು ಹೆತ್ತ ಹೆಣ್ಣಿನ ಬೆಲೆ ಅತಿ ಹೆಚ್ಚಾಗುವ ಗಳಿಗೆ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹತ್ತು ವರ್ಷಗಳ ನಂತರ, ಗಂಡ ಇನ್ನೂ ಕ್ಯಾಥೊಲಿಕನಾಗಿದ್ದಾಗಲೇ, ಆಕೆ ಬಹಿರಂಗವಾಗಿ ಲೂಥರ್‌ನ ಪಂಥದ ರೀತಿಯಲ್ಲಿ ಪ್ರಸಾದ ಸ್ವೀಕರಿಸಿದಳು. 1540ರಲ್ಲಿ ಎರಿಖ್ ತೀರಿಕೊಂಡ ಮೇಲೆ ಐದು ವರ್ಷ ಮಗನ ಹೆಸರಿನಲ್ಲಿ ಆಳಿ, ಕೊರ್ವಿನುಸ್ ಎಂಬ ಪಾದ್ರಿಯ ನೆರವಿನಿಂದ ಇಡೀ ಸಂಸ್ಥಾನಕ್ಕೆ 1542ರಲ್ಲಿ ಹೊಸ ಚರ್ಚಿನ ಕಟ್ಟಳೆ ತಂದಳು. ಮಗನಿಗೆ ಆಡಳಿತದ ಕೈಪಿಡಿ ಬರೆದಳು, ಮಗಳಿಗೆ ಸಂಸಾರದ ಬುದ್ಧಿಮಾತು ಬರೆದಳು, ವಿಧವೆಯರಿಗೆ ಸಾಂತ್ವನದ ಪುಸ್ತಕವನ್ನೂ ಬರೆದಳು. ಮಗ ಪ್ರಾಯಕ್ಕೆ ಬಂದವನೇ ತಾಯಿಯ ಧರ್ಮ ಬಿಟ್ಟು ಕ್ಯಾಥೊಲಿಕ್ ಪಂಥಕ್ಕೆ ಮರಳಿದ. 1549ರಲ್ಲಿ ಕೊರ್ವಿನುಸ್‌ನನ್ನು ಸೆರೆಗೆ ತಳ್ಳಿದ. ಕೈಪಿಡಿಯನ್ನು ಅವನು ಎಷ್ಟು ಓದಿದನೋ! ಆ ವರ್ಷಗಳಲ್ಲೆಲ್ಲ ತಾಯಿ ನಿಂತ ನೆಲ ಮ್ಯುಂಡೆನ್. 1553ರ ಯುದ್ಧದಲ್ಲಿ ಅದು ಕೈತಪ್ಪಿದ ಮೇಲೆ ಆಕೆಯ ಬದುಕಿನಲ್ಲಿ ರಾಜಕಾರಣ ಎನ್ನುವಂಥದ್ದೇನೂ ಉಳಿಯಲಿಲ್ಲ; ಐದು ವರ್ಷದೊಳಗೆ ತೀರಿಕೊಂಡಳು. ಅವಳ ಧರ್ಮಶ್ರದ್ಧೆ ಕೊನೆಯವರೆಗೂ ಕುಗ್ಗಲಿಲ್ಲ. ಆ ಶ್ರದ್ಧೆಯನ್ನು ಕಾರ್ಯಕ್ಕಿಳಿಸಲು ಬೇಕಾದ ನೆಲ ಮಾತ್ರ ಇರಲಿಲ್ಲ.

ಧರ್ಮ, ರಾಜಕಾರಣಗಳ ದೊಡ್ಡ ಮಾತು ಬಿಟ್ಟು ಈ ಮನೆಗಳ ಒಳಗೆ ದಿನ ಹೇಗೆ ಸಾಗುತ್ತಿತ್ತೆಂದು ತಿಳಿಯಬೇಕಾದರೆ ಟ್ಯೂರಿಂಗಿಯಾದ ಆರ್ನ್‌ಷ್ಟಾಟ್‌ಗೆ ಹೋಗಬೇಕು. ಅಲ್ಲಿನ ರಾಜಕುಮಾರ ಎರಡನೇ ಆಂಟೋನ್ ಗ್ಯುಂಟರ್‌ನ ಹೆಂಡತಿ ಆಗಸ್ಟ ಡೊರೊಥೆಯ (1666–1751). ಗಂಡನ ಊರಿನ ಚರ್ಚಿನಲ್ಲಿ ಹದಿನೆಂಟರ ಬಾಖ್ 1703ರಲ್ಲಿ ಆರ್ಗನ್ ವಾದಕನಾಗಿ ಸೇರಿಕೊಂಡಿದ್ದು ಇನ್ನೊಂದು ಕಥೆ. 1716ರಲ್ಲಿ ವಿಧವೆಯಾದ ಈಕೆ ಊರಿನ ಪಕ್ಕದ ಆಗಸ್ಟೆನ್‌ಬುರ್ಗ್‌ನಲ್ಲಿ ಮೂವತ್ತೈದು ವರ್ಷ ಕಳೆದಳು. ತನ್ನ ಸಖಿಯರನ್ನೂ ಕುಶಲಕರ್ಮಿಗಳನ್ನೂ ಕೂಡಿಸಿಕೊಂಡು ಗೊಂಬೆಗಳ ಒಂದು ಊರನ್ನೇ ಕಟ್ಟಿದಳು. ‘ಮೋನ್ ಪ್ಲೇಸೀರ್’ ಎಂದು ಹೆಸರಾದ ಅದರಲ್ಲಿ 82 ಕೋಣೆಗಳು, ಸುಮಾರು 400 ಗೊಂಬೆಗಳು. ಮೇಣದ ಮುಖದ ರಾಜಕುಮಾರಿ ಅಲಂಕಾರದ ಮೇಜಿನ ಮುಂದೆ ಕೂತಿದ್ದಾಳೆ; ಇನ್ನೊಂದು ಕೋಣೆಯಲ್ಲಿ ಎಲೆಯಾಟ ನಡೆದಿದೆ; ಅಡುಗೆಮನೆಯಲ್ಲಿ ಬೆರಳುಗುರಿನಷ್ಟು ದೊಡ್ಡ ತಟ್ಟೆಗಳು ಸಾಲಾಗಿ ನಿಂತಿವೆ; ಔಷಧದಂಗಡಿ, ಸಂತೆ, ಕನ್ಯಾಮಠ ಎಲ್ಲವೂ ಇವೆ. ಅರಮನೆಗಳ ಇತಿಹಾಸ ಬರೆಯುವವರಿಗೆ ಇದು ಗಣಿ. ನಿಜವಾದ ಕೋಣೆಗಳ ಪರದೆಗಳು, ಹಾಸಿಗೆಗಳು, ಸೌಟುಗಳು ಹಾಳಾಗಿಹೋಗಿವೆ, ಗೊಂಬೆಗಳವು ಉಳಿದಿವೆ. ಮಕ್ಕಳಿಲ್ಲದ ವಿಧವೆಯ ಕಾಲಹರಣ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಗಸಗಿತ್ತಿಯಿಂದ ಹಿಡಿದು ರಾಜಕುಮಾರಿಯವರೆಗೆ ಯಾರು ಎಲ್ಲಿ ನಿಲ್ಲಬೇಕು, ಯಾರ ಕೈಯಲ್ಲಿ ಏನಿರಬೇಕು ಎಂದು ಒಂದು ಇಡೀ ರಾಜಧಾನಿಯನ್ನು ತನ್ನಿಷ್ಟದಂತೆ ಜೋಡಿಸಿದವಳು, ನಿಜದ ರಾಜಧಾನಿಯಲ್ಲಿ ಒಂದು ಹುದ್ದೆಯನ್ನೂ ತುಂಬುವ ಹಕ್ಕಿಲ್ಲದವಳು. ಮೇಲಾಗಿ ಆಕೆ ಡೊರೊಥೆಯನ್‌ಟಾಲ್‌ನಲ್ಲಿ ಪಿಂಗಾಣಿಯಂಥ ಹೊಳಪಿನ ಮಣ್ಣಿನ ಪಾತ್ರೆಗಳ ಕಾರ್ಖಾನೆ ನಡೆಸಿದಳು, ಕ್ಯಾಥೊಲಿಕ್ ಪಂಥಕ್ಕೆ ಸೇರಿದಳು, ಕುತ್ತಿಗೆಯವರೆಗೆ ಸಾಲ ಮಾಡಿದಳು. ಸ್ವಂತ ಹೆಸರಿನಲ್ಲಿ ಸಾಲ ಹುಟ್ಟಬೇಕಾದರೆ ಸ್ವಂತ ಹೆಸರಿನಲ್ಲಿ ವರಮಾನ ಇರಬೇಕಲ್ಲ! ಅವಳ ಸಾಲವನ್ನು ನಾನು ಅವಳ ಸ್ವಾತಂತ್ರ್ಯದ ಲೆಕ್ಕಪತ್ರವೆಂದೇ ಓದುತ್ತೇನೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ವಿಧವಾಗೃಹವೆಂದರೆ ಮರ್ಯಾದೆಯ ಗಡಿಪಾರಲ್ಲವೇ? ಹೊಸ ದೊರೆಗೆ ಹೊಸ ಹೆಂಡತಿ. ಹಳೆಯ ರಾಣಿಯನ್ನು ರಾಜಧಾನಿಯಿಂದ ದೂರದ ಹಳೇ ಕೋಟೆಯೊಂದಕ್ಕೆ ಸಾಗಹಾಕಲು ಇದೊಂದು ನಾಜೂಕಿನ ದಾರಿಯಲ್ಲವೇ? ಮರುಮದುವೆಯಾದರೆ ಸಾಮಾನ್ಯವಾಗಿ ಪಾಲು ಕೈಬಿಟ್ಟುಹೋಗುತ್ತಿತ್ತು. ಸೈನ್ಯ, ರಾಜ್ಯದ ತೆರಿಗೆ, ಮೇಲ್ಮನವಿ ಇವೆಲ್ಲ ದೊರೆಯ ಕೈಯಲ್ಲೇ ಉಳಿಯುತ್ತಿದ್ದವು. ಅವಳು ಸತ್ತ ದಿನ ಸೀಮೆ ಮರಳಿ ಖಜಾನೆಗೆ ಸೇರುತ್ತಿತ್ತು. ಇಷ್ಟೂ ನಿಜ. ಹ್ಯಾನೋವರಿನ ಸೋಫಿಯಳನ್ನೇ ನೋಡಿ. 1698ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆಗೆ ಸಿಕ್ಕಿದ್ದು ಹೆರೆನ್‌ಹೌಸೆನ್ ಅರಮನೆ, ಅದರ ವಿಶಾಲವಾದ ತೋಟ. ಮಗ ಗೇಯೋರ್ಗ್ ಲುಡ್ವಿಗ್ ತಾಯಿಯನ್ನು ಆಡಳಿತದ ಹತ್ತಿರಕ್ಕೂ ಬಿಡಲಿಲ್ಲ. ಆದರೆ ಅಲ್ಲಿಂದಲೇ ಆಕೆ ಲೈಬ್ನಿಜ್‌ನೊಂದಿಗೆ ತತ್ತ್ವಶಾಸ್ತ್ರ ಚರ್ಚಿಸಿದಳು, ಯುರೋಪಿನ ಅರ್ಧ ಅರಮನೆಗಳಿಗೆ ಪತ್ರ ಬರೆದಳು, ಇಂಗ್ಲೆಂಡಿನ ಪಾರ್ಲಿಮೆಂಟು 1701ರ ಕಾಯಿದೆಯಲ್ಲಿ ತನ್ನನ್ನೂ ತನ್ನ ಸಂತತಿಯನ್ನೂ ಆ ದೇಶದ ಸಿಂಹಾಸನದ ವಾರಸುದಾರರೆಂದು ಹೆಸರಿಸಿದಾಗ ಆ ಸುದ್ದಿಯನ್ನು ತನ್ನ ಮನೆಯಲ್ಲಿ ತಾನೇ ಬರಮಾಡಿಕೊಂಡಳು. 1714ರ ಜೂನ್‌ನಲ್ಲಿ ತೋಟದಲ್ಲಿ ಅಡ್ಡಾಡುತ್ತಿದ್ದಾಗಲೇ ಕುಸಿದು ಸತ್ತಳು. ಇಂಗ್ಲೆಂಡಿನ ರಾಣಿ ಆನ್ ಸತ್ತದ್ದು ಆಗಸ್ಟ್ 1ರಂದು. ಎರಡು ತಿಂಗಳು ಮುಂಚೆ ಸತ್ತದ್ದರಿಂದ ಕಿರೀಟ ತಪ್ಪಿತು. ಗಡಿಪಾರು ಎನ್ನುವವರು ಗಡಿಪಾರಾಗದೆ ಅರಮನೆಯಲ್ಲೇ ಉಳಿದಿದ್ದರೆ ಅವಳಿಗೆ ಏನು ಸಿಗುತ್ತಿತ್ತು ಎಂದೂ ಕೇಳಿಕೊಳ್ಳಬೇಕು. ಮಗನ ಮನೆಯ ಒಂದು ಮೂಲೆ, ಅವನ ಅಡುಗೆಯವನ ಊಟ, ಅವನ ದ್ವಾರಪಾಲಕನ ಅಪ್ಪಣೆ.

ಇದಕ್ಕಿಂತ ಗಟ್ಟಿಯಾದ ಸವಾಲು ಅದೇ ಮನೆತನದೊಳಗೇ ಇದೆ. ಸೋಫಿಯಳ ಸೊಸೆ, ಸೆಲ್ಲೆಯ ಸೋಫಿಯಾ ಡೊರೊಥೆಯ, 1682ರಲ್ಲಿ ಹದಿನಾರರ ವಯಸ್ಸಿಗೆ ಇದೇ ಗೇಯೋರ್ಗ್ ಲುಡ್ವಿಗ್‌ನನ್ನು ಮದುವೆಯಾದವಳು. ಕೌಂಟ್ ಕ್ಯೋನಿಗ್ಸ್‌ಮಾರ್ಕ್ ಎಂಬ ಅಧಿಕಾರಿಯೊಡನೆ ಅವಳ ಪ್ರೇಮ ಬಯಲಾಯಿತು. 1694ರ ಜುಲೈನ ಒಂದು ರಾತ್ರಿ ಅವನು ಹ್ಯಾನೋವರಿನ ಅರಮನೆಯ ಬಳಿ ಕಾಣೆಯಾದ. ಅದೇ ಡಿಸೆಂಬರಿನಲ್ಲಿ ವಿಚ್ಛೇದನ, ತಪ್ಪು ಅವಳದೆಂದು ತೀರ್ಪು, ಮರುಮದುವೆಗೆ ನಿಷೇಧ. ಮುಂದಿನ ವರ್ಷದಿಂದ 1726ರಲ್ಲಿ ಸಾಯುವವರೆಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಲ್ಡೆನ್ ಎಂಬ ಹಳ್ಳಿಯ ಕೋಟೆಮನೆಯಲ್ಲಿ ಇದ್ದಳು. ಅಲ್ಲಿ ಅವಳಿಗೆ ಏನಿರಲಿಲ್ಲ ಎಂದು ಪಟ್ಟಿ ಮಾಡಲು ಹೊರಟರೆ ಅಚ್ಚರಿಯಾಗುತ್ತದೆ. ಮನೆಯಿತ್ತು, ವರಮಾನವಿತ್ತು, ಸಖಿಯರೂ ಸೇವಕರೂ ಇದ್ದರು, ‘ಆಲ್ಡೆನ್‌ನ ಡಚೆಸ್’ ಎಂಬ ಬಿರುದೂ ಇತ್ತು. ಜಮೀನಿನ ಲೆಕ್ಕ ನೋಡುತ್ತಿದ್ದಳು. ಕಾವಲಿನವರ ಜೊತೆ ಗೊತ್ತಾದ ಗಡಿಯವರೆಗೆ ಸಾರೋಟಿನಲ್ಲಿ ಹೋಗಿಬರುತ್ತಿದ್ದಳು. ವಿಧವೆಯ ಮನೆಯ ಲಕ್ಷಣಗಳೆಲ್ಲ ಇದ್ದವು, ಹೊರಹೋಗುವ ಹಕ್ಕೊಂದನ್ನು ಬಿಟ್ಟು. ಪತ್ರಗಳನ್ನು ಒಡೆದು ಓದುತ್ತಿದ್ದರು. ಇಬ್ಬರು ಮಕ್ಕಳನ್ನು ಮತ್ತೆ ನೋಡಲಿಲ್ಲ. ಮಗ ಮುಂದೆ ಇಂಗ್ಲೆಂಡಿನ ಎರಡನೇ ಜಾರ್ಜ್ ಆದ, ಮಗಳು ಪ್ರಷ್ಯಾದ ರಾಣಿಯಾದಳು. 1698ರಿಂದ 1714ರವರೆಗೆ ಅತ್ತೆ ಹೆರೆನ್‌ಹೌಸೆನ್‌ನ ತೋಟದಲ್ಲಿ, ಸೊಸೆ ಆಲ್ಡೆನ್‌ನ ಕಾವಲಿನಲ್ಲಿ, ಇಬ್ಬರಿಗೂ ಒಂದೇ ಖಜಾನೆಯ ಒಡೆಯ. ಹಾಗಾದರೆ ಮನೆ, ಕಂದಾಯಗಳೇ ಸ್ವಾತಂತ್ರ್ಯ ಎಂಬ ನನ್ನ ಮಾತು ಬಿದ್ದುಹೋಯಿತೇ? ಬಿದ್ದುಹೋಗಲಿಲ್ಲ, ಆದರೆ ತಿದ್ದಿಕೊಳ್ಳಬೇಕು. ಅತ್ತೆಯ ಪಾಲು ಕರಾರಿನಿಂದ ಬಂದದ್ದು, ಸೊಸೆಯ ಪಾಲು ತೀರ್ಪಿನಿಂದ ಬಂದದ್ದು. ಕರಾರಿನ ಹಿಂದೆ ಎರಡು ಮನೆತನಗಳ ಜಾಮೀನು ಇರುತ್ತಿತ್ತು. ಸೊಸೆಯ ಪ್ರಕರಣದಲ್ಲಿ ಹೆತ್ತ ತಂದೆಯೇ, ಹ್ಯಾನೋವರಿನ ಹಿತ ತನ್ನ ಹಿತವೆಂದು ಬಗೆದು, ಅಳಿಯನ ಕಡೆ ನಿಂತ. ತವರು ಕೈಬಿಟ್ಟ ಕ್ಷಣ ಕಾಗದ ಬರೀ ಕಾಗದವಾಯಿತು. ಗೋಡೆಗಳು ಎಂಥವು ಎನ್ನುವುದಕ್ಕಿಂತ, ಬಾಗಿಲಿನ ಕೀಲಿಕೈ ಯಾರ ಬಳಿ ಇದೆ, ಅದನ್ನು ಕಸಿದರೆ ಹೊರಗೆ ನಿಂತು ಕೇಳುವವರು ಯಾರು ಎನ್ನುವುದು ಮುಖ್ಯ. ವೈಮಾರಿನ ಆನ್ನಾ ಅಮಾಲಿಯಾ ಈ ಸೆರೆವಾಸಿಯ ಮರಿಮೊಮ್ಮಗಳು. ಅವಳ ಹಿಂದೆ ನಿಂತು ಕೇಳಲು ಪ್ರಷ್ಯಾದ ದೊರೆ ಫ್ರೆಡರಿಕ್‌ನಂಥ ಸೋದರಮಾವನಿದ್ದ.

ಇನ್ನು ಕೆಲವರು ಹೇಳುವಂತೆ, ಈ ಹೆಂಗಸರ ನಿಜವಾದ ಅಧಿಕಾರ ಮಕ್ಕಳ ಪರವಾಗಿ ಆಳಿದ ವರ್ಷಗಳಲ್ಲಿತ್ತು. ವಿಧವಾಗೃಹ ಅದರ ಬಾಲ ಮಾತ್ರ. ಹೆಸ್ಸೆ-ಕಾಸೆಲ್‌ನ ಅಮಾಲಿಯ ಎಲಿಜಬೆತ್‌ಳನ್ನು ಮರೆತು ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮೂವತ್ತು ವರ್ಷಗಳ ಯುದ್ಧದ ನಡುವೆ 1637ರಲ್ಲಿ ಅಧಿಕಾರ ವಹಿಸಿಕೊಂಡ ಆಕೆ ತನ್ನ ಸೈನ್ಯವನ್ನು ಹತ್ತಿರದಲ್ಲಿಟ್ಟುಕೊಂಡು ಫ್ರಾನ್ಸ್, ಸ್ವೀಡನ್‌ಗಳೊಡನೆ ಚೌಕಾಶಿ ಮಾಡಿದಳು. 1648ರ ವೆಸ್ಟ್‌ಫಾಲಿಯಾ ಶಾಂತಿಯಲ್ಲಿ 600,000 ಥಾಲರ್ ಪರಿಹಾರವನ್ನೂ ಹೆರ್ಸ್‌ಫೆಲ್ಡ್ ಸೀಮೆಯನ್ನೂ ಗಿಟ್ಟಿಸಿಕೊಂಡಳು. ಯಾವ ವಿಧವಾಗೃಹದ ಒಡತಿಗೂ ಅಂಥ ತೂಕ ಇರಲಿಲ್ಲ. ಆದರೆ ಆ ಅಧಿಕಾರ ಮಗನದು, ಅವಳು ಅದರ ಪಾಲಕಿ. 1650ರಲ್ಲಿ ಮಗನಿಗೆ ಒಪ್ಪಿಸಿ ಮರುವರ್ಷವೇ ತೀರಿಕೊಂಡಳು. ಬಾಡೆನ್-ಬಾಡೆನ್‌ನ ಸಿಬಿಲ್ಲ ಆಗಸ್ಟ ಇಪ್ಪತ್ತು ವರ್ಷ, 1707ರಿಂದ 1727ರವರೆಗೆ ಆಳಿದಳು, ಯುದ್ಧದಿಂದ ಹಾಳಾದ ನಾಡನ್ನು ಎತ್ತಿ ನಿಲ್ಲಿಸಿದಳು, ರಾಷ್ಟಾಟ್ ಬಳಿ ಪಿಂಗಾಣಿ ತುಂಬಿದ ಫಾವರೀಟ್ ಎಂಬ ಬೇಸಿಗೆ ಅರಮನೆ ಕಟ್ಟಿಸಿದಳು. ಮಗ ಪಟ್ಟಕ್ಕೆ ಬಂದದ್ದೇ ತಡ ಎಟ್ಲಿಂಗೆನ್‌ನ ವಿಧವಾಗೃಹಕ್ಕೆ ಹೊರಟುಹೋದಳು. ಮಗನ ವಯಸ್ಸಿನ ಮೇಲೆ ನಿಂತ ಅಧಿಕಾರಕ್ಕೆ ಕೊನೆಯ ದಿನಾಂಕ ಮೊದಲೇ ಬರೆದಿರುತ್ತದೆ. ವಿಟ್ಟುಮ್‌ಗೆ ಅವಳ ಆಯಸ್ಸೇ ಅವಧಿ. ಮಕ್ಕಳಿಲ್ಲದವಳಿಗೂ ಅದು ಇತ್ತು ಎಂಬುದಕ್ಕೆ ಆರ್ನ್‌ಷ್ಟಾಟ್‌ನ ಗೊಂಬೆಗಳೇ ಸಾಕ್ಷಿ.

ಗಂಡ ಬದುಕಿರುವಾಗಲೇ ದೊಡ್ಡದನ್ನು ಮಾಡಿದವರ ಕತೆಯೇನು? ಬೈರಾಯ್ಟ್‌ನ ವಿಲ್ಹೆಲ್ಮಿನೆ ಇದ್ದಾಳಲ್ಲ: ಗಂಡ 1735ರಲ್ಲಿ ಕೊಟ್ಟ ಎರೆಮಿಟಾಜ್‌ ಅನ್ನು ಬೆಳೆಸಿದವಳು, ಇಂದು ಯುನೆಸ್ಕೊ ಪಟ್ಟಿಯಲ್ಲಿರುವ ಒಪೆರಾ ಮಂದಿರವನ್ನು ಕಟ್ಟಿಸಿದವಳು, ಹರಿತವಾದ ಆತ್ಮಕಥನ ಬರೆದವಳು. ಬರ್ಲಿನ್ನಿನ ಸೋಫಿ ಶಾರ್ಲೊಟ್ ಇದ್ದಾಳೆ. ಲೀಟ್ಸೆನ್‌ಬುರ್ಗ್ ಅರಮನೆಯಲ್ಲಿ ಲೈಬ್ನಿಜ್‌ನನ್ನು ಪ್ರಶ್ನೆಗಳಿಂದ ಕಾಡಿದವಳು. ಇಬ್ಬರೂ ಗಂಡಂದಿರಿಗಿಂತ ಮುಂಚೆ ಸತ್ತರು, ವಿಧವಾಗೃಹ ಕಾಣಲಿಲ್ಲ. ಆದರೆ ಅವರ ಮನೆಗಳನ್ನು ಗಮನಿಸಿ: ಎರಡೂ ಗಂಡ ಮನಸ್ಸು ಮಾಡಿ ಕೊಟ್ಟ ಉಡುಗೊರೆಗಳು. ಅದೃಷ್ಟ ಚೆನ್ನಾಗಿದ್ದವರಿಗೆ ಮನಸ್ಸು ಮಾಡುವ ಗಂಡ ಸಿಕ್ಕಿದ. ಫ್ರೆಡರಿಕ್‌ನ ಹೆಂಡತಿ ಎಲಿಜಬೆತ್ ಕ್ರಿಸ್ಟೀನೆಗೆ ಸಿಕ್ಕಿದ್ದು 1740ರಲ್ಲಿ ಷ್ಯೋನ್‌ಹೌಸೆನ್ ಅರಮನೆ, ಅದರ ಜೊತೆಗೆ ಪಟ್ಟದ ರಾಣಿಯಾಗಿದ್ದೂ ಗಂಡನಿಂದ ದೂರವಿರುವ ನಲವತ್ತಾರು ವರ್ಷಗಳ ಒಂಟಿತನ. ಉಡುಗೊರೆಯ ಮನೆಗೂ ಹಕ್ಕಿನ ಮನೆಗೂ ಇರುವ ಅಂತರ ಸಂತೋಷದ ಸಂಸಾರಗಳಲ್ಲಿ ಕಾಣಿಸುವುದಿಲ್ಲ.

ಮದುವೆಯೇ ಆಗದವರಿಗೂ ಒಂದು ದಾರಿ ಇತ್ತು, ಅದು ನನ್ನ ವಾದಕ್ಕೆ ಬೇರೊಂದು ಕಡೆಯಿಂದ ಬಲ ಕೊಡುತ್ತದೆ. ಕ್ವೆಡ್ಲಿನ್‌ಬುರ್ಗ್, ಗಾಂಡರ್ಸ್‌ಹೈಮ್, ಎಸ್ಸೆನ್, ಹೆರ್ಫೋರ್ಡ್ ಮೊದಲಾದ ಕಡೆ ಮಧ್ಯಯುಗದಿಂದ ನಡೆದುಬಂದ ಉಚ್ಚಕುಲದ ಸ್ತ್ರೀಮಠಗಳಿದ್ದವು. ಅವುಗಳ ಮಠಾಧೀಶೆಯರಿಗೆ ಸಂಸ್ಥಾನಾಧಿಪತಿಗಳ ದರ್ಜೆ, ಸ್ವಂತ ಪ್ರಜೆಗಳು, ಸಾಮ್ರಾಜ್ಯದ ಮಹಾಸಭೆಯಲ್ಲಿ ಮತದ ಹಕ್ಕು. ಹಲವು ಮಠಗಳು ಪ್ರೊಟೆಸ್ಟೆಂಟ್ ಆದ ಮೇಲೂ ಮುಚ್ಚಲಿಲ್ಲ; ಅರಸುಮನೆತನಗಳಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೊಂದು ನೆಲೆ ಬೇಕಿತ್ತು. ಹ್ಯಾನೋವರಿನ ಸೋಫಿಯಳ ಅಕ್ಕ, ಡೆಕಾರ್ಟೆಯೊಡನೆ ಮನಸ್ಸು ದೇಹಗಳ ಸಂಬಂಧದ ಬಗ್ಗೆ ಪತ್ರವ್ಯವಹಾರ ನಡೆಸಿ ಅವನನ್ನೇ ಇಕ್ಕಟ್ಟಿಗೆ ಸಿಲುಕಿಸಿದ ಪ್ಫಾಲ್ಟ್ಸ್‌ನ ಎಲಿಜಬೆತ್, ರಾಜ್ಯ ಕಳೆದುಕೊಂಡ ತಂದೆಯ ಮಗಳು, ವರದಕ್ಷಿಣೆಗೂ ಗತಿಯಿರಲಿಲ್ಲ. ದಶಕಗಳ ಕಾಲ ನೆಂಟರ ಮನೆಗಳಲ್ಲಿ ದಿನ ದೂಡಿ 1667ರಲ್ಲಿ ಹೆರ್ಫೋರ್ಡಿನ ಮಠಾಧೀಶೆಯಾದಳು. ಮೂರು ವರ್ಷಗಳಲ್ಲಿ, ಎಲ್ಲ ಕಡೆಯಿಂದ ಅಟ್ಟಿಸಿಕೊಂಡ ಲಾಬಾಡಿ ಪಂಥದವರಿಗೆ, ಅವರೊಡನೆ ಬಂದ ಡಚ್ ವಿದುಷಿ ಆನ್ನಾ ಮಾರಿಯಾ ಫಾನ್ ಷುರ್ಮನ್‌ಗೆ, ಊರವರ ವಿರೋಧವನ್ನು ಲೆಕ್ಕಿಸದೆ ಆಶ್ರಯ ಕೊಟ್ಟಳು. ಡೆಕಾರ್ಟೆಗೆ ಪ್ರಶ್ನೆ ಕೇಳಲು ಬುದ್ಧಿ ಸಾಕಿತ್ತು. ಬೇರೊಬ್ಬರಿಗೆ ಆಶ್ರಯ ಕೊಡಲು ಸೀಮೆ ಬೇಕಿತ್ತು. ಕಾಣೆಯಾದ ಕ್ಯೋನಿಗ್ಸ್‌ಮಾರ್ಕ್‌ನ ಅಕ್ಕ ಅರೋರಾ ಕೂಡ, ತಮ್ಮನನ್ನು ಹುಡುಕಲು ನೆರವು ಬೇಡಿ ಡ್ರೆಸ್ಡೆನ್‌ಗೆ ಹೋಗಿ ಅಲ್ಲಿನ ದೊರೆಯ ಪ್ರೇಯಸಿಯಾಗಿ, ಅವನು ಕೈಬಿಟ್ಟ ಮೇಲೆ ಕ್ವೆಡ್ಲಿನ್‌ಬುರ್ಗ್‌ನ ಮಠದಲ್ಲಿ ಎರಡನೆಯ ಪದವಿಗೇರಿ ಮರ್ಯಾದೆಯ ನೆಲೆ ಕಂಡುಕೊಂಡಳು.

ಎಲ್ಲಕ್ಕಿಂತ ಭಾರವಾದ ಆಕ್ಷೇಪವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಈ ಸ್ವಾತಂತ್ರ್ಯದ ಖರ್ಚು ಹೊತ್ತವರು ಯಾರು? ರಾಜಪುತ್ರಿಯ ಮದುವೆಗೆಂದೇ ಪ್ರಜೆಗಳ ಮೇಲೆ ಪ್ರತ್ಯೇಕ ತೆರಿಗೆ ಹಾಕುವ ಪದ್ಧತಿ ಹಲವು ಸಂಸ್ಥಾನಗಳಲ್ಲಿತ್ತು. ಅಂದರೆ ರೈತನ ಹೆಂಡತಿ ಮಾರಿದ ಬೆಣ್ಣೆಯ ದುಡ್ಡು ಮೊದಲು ವರದಕ್ಷಿಣೆಯಾಗಿ ಒಂದು ನಾಡಿನಿಂದ ಹೋಗುತ್ತಿತ್ತು. ಇನ್ನೊಂದು ನಾಡಿನ ರೈತನ ಗೇಣಿ ವಿಟ್ಟುಮ್ ಆಗಿ ಆಕೆಯ ಕೈ ಸೇರುತ್ತಿತ್ತು. ಸೀಮೆಯ ಒಡತಿ ಹೆಂಗಸು ಎಂಬ ಕಾರಣಕ್ಕೆ ಅಲ್ಲಿನ ಹೆಂಗಸರ ಬಿಟ್ಟಿಚಾಕರಿ ಕಡಿಮೆಯಾಗಲಿಲ್ಲ. ಕೆಲವರು ಶಾಲೆ ತೆರೆದರು, ಔಷಧಿ ಹಂಚಿದರು. ಇವೆಲ್ಲ ಒಳ್ಳೆಯ ಒಡೆತನದ ಕೆಲಸಗಳು, ಒಡೆತನವನ್ನೇ ಪ್ರಶ್ನಿಸಿದ ಕೆಲಸಗಳಲ್ಲ. ಈ ಆಕ್ಷೇಪಕ್ಕೆ ನನ್ನಲ್ಲಿ ಮರುತ್ತರವಿಲ್ಲ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆದರೆ ಒಪ್ಪಿಕೊಂಡಾಗ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಈ ಹೆಂಗಸರನ್ನು ಹೆಣ್ಣಿನ ಬಿಡುಗಡೆಯ ಮುಂಗೋಳಿಗಳೆಂದು ಹೊಗಳುವ ಪುಸ್ತಕಗಳು ಈಚೆಗೆ ಹೆಚ್ಚುತ್ತಿವೆ. ಅವರು ಬಯಸಿದ್ದು ತಮ್ಮ ದರ್ಜೆಯ ಗಂಡಸರಿಗೆ ಇದ್ದದ್ದನ್ನು, ಅಂದರೆ ನೆಲದ ಮೇಲಿನ ಒಡೆತನವನ್ನು. ಕರಾರಿನಲ್ಲಿ ಎಷ್ಟು ಬರೆದಿತ್ತೋ ಅಷ್ಟನ್ನು ಪಡೆದರು. ಹೆಣ್ಣೆಂಬ ಕಾರಣಕ್ಕೆ ಕಳೆದುಕೊಂಡದ್ದರಲ್ಲಿ ಒಂದು ಭಾಗವನ್ನು ಕುಲೀನೆ ಎಂಬ ಕಾರಣಕ್ಕೆ ಮರಳಿ ಗಳಿಸಿದರು.

ಆದ್ದರಿಂದಲೇ ಸಂಸ್ಥಾನಗಳ ವ್ಯವಸ್ಥೆ ಕುಸಿದಾಗ ಅದರೊಂದಿಗೆ ಇವರ ನೆಲೆಯೂ ಕುಸಿಯಿತು. ನೆಪೋಲಿಯನ್ನನ ಒತ್ತಡದಲ್ಲಿ 1803ರಲ್ಲಿ ಧಾರ್ಮಿಕ ಸಂಸ್ಥಾನಗಳು ಬಹುಮಟ್ಟಿಗೆ ದೊಡ್ಡ ರಾಜ್ಯಗಳ ಪಾಲಾದವು. ಕ್ವೆಡ್ಲಿನ್‌ಬುರ್ಗ್, ಎಸ್ಸೆನ್, ಹೆರ್ಫೋರ್ಡ್ ಪ್ರಷ್ಯಾಕ್ಕೆ ಸೇರಿದವು. 1806ರಲ್ಲಿ ಸಾಮ್ರಾಜ್ಯವೇ ಇಲ್ಲವಾಯಿತು; ಅದರ ಜೊತೆ, ಕರಾರು ಮುರಿದರೆ ದೂರು ಕೊಡಬಹುದಾಗಿದ್ದ ನ್ಯಾಯಾಲಯಗಳೂ ಹೋದವು. ಸಣ್ಣಪುಟ್ಟ ಆಳುವ ಮನೆತನಗಳು ನೆರೆಯವರ ಪ್ರಜೆಗಳಾದವು. ಹೊಸ ರಾಜ್ಯಗಳು ವಿಧವೆಯರನ್ನು ಬೀದಿಪಾಲು ಮಾಡಲಿಲ್ಲ, ಅರಮನೆಗಳೂ ಇದ್ದವು, ಖಜಾನೆಯಿಂದ ನಗದು ಪಿಂಚಣಿಯೂ ಬರತೊಡಗಿತು. ಆದರೆ ಪಿಂಚಣಿಗೆ ಪ್ರಜೆಗಳಿಲ್ಲ, ನ್ಯಾಯಪೀಠವಿಲ್ಲ, ಪಾದ್ರಿಯನ್ನು ನೇಮಿಸುವ ಹಕ್ಕಿಲ್ಲ, ಆಶ್ರಯ ಕೊಡಬಹುದಾದ ಗಡಿಯೂ ಇಲ್ಲ. ಗಾಂಡರ್ಸ್‌ಹೈಮ್‌ನ ಕೊನೆಯ ಮಠಾಧೀಶೆ, ಬ್ರೌನ್‌ಷ್ವೈಗ್‌ನ ಆಗಸ್ಟೆ ಡೊರೊಥೆಯಳಿಗೆ ಬದುಕಿರುವವರೆಗೆ ಮಠದಲ್ಲೇ ಇರಲು ಅನುಮತಿ ಸಿಕ್ಕಿತು. 1810ರಲ್ಲಿ ಆಕೆ ತೀರಿಕೊಂಡ ಮೇಲೆ ಹೊಸ ಮಠಾಧೀಶೆಯ ಆಯ್ಕೆ ನಡೆಯಲಿಲ್ಲ. ಮಠವನ್ನು ಮುಚ್ಚಿ, ಅದರ ಆಸ್ತಿಯನ್ನು ನೆಪೋಲಿಯನ್ನನ ತಮ್ಮ ಆಳುತ್ತಿದ್ದ ವೆಸ್ಟ್‌ಫಾಲಿಯಾ ರಾಜ್ಯಕ್ಕೆ ಸೇರಿಸಿಕೊಂಡರು.